ಲಂಡನ್ನಿನ ಎರಡು ಕೊಲೆಸರಣಿ: ಕೊಲೆಗಾರ ಒಬ್ಬನೇ?

1888ರ ಲಂಡನ್ ಎಂದರೆ ಎಲ್ಲರಿಗೂ ನೆನಪಾಗುವುದು ಸರಣಿ ಕೊಲೆಗಾರ ಜ್ಯಾಕ್ ದ ರಿಪ್ಪರ್. ಅದೇ ಊರಿನಲ್ಲಿ, ಅದೇ ಕಾಲಕ್ಕೆ ಇನ್ನೊಂದು ಕೊಲೆಸರಣಿಯೂ ನಡೆದಿತ್ತು. 1887ರಿಂದ 1889ರವರೆಗೆ ನಾಲ್ವರು ಹೆಂಗಸರ ದೇಹದ ಭಾಗಗಳು ಥೇಮ್ಸ್ ನದಿಯಲ್ಲಿ, ಊರಿನ ಮೂಲೆಗಳಲ್ಲಿ ಸಿಕ್ಕವು. ತಲೆ ಒಂದೂ ಸಿಗಲಿಲ್ಲ. ಒಂದು ಮುಂಡವಂತೂ ಪೊಲೀಸರಿಗೆಂದೇ ಕಟ್ಟುತ್ತಿದ್ದ ನ್ಯೂ ಸ್ಕಾಟ್ಲೆಂಡ್ ಯಾರ್ಡ್‌ನ ನೆಲಮಾಳಿಗೆಯಲ್ಲಿತ್ತು.

ಎರಡೂ ಒಬ್ಬನದೇ ಕೃತ್ಯ ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಕೊನೆಯ ಮುಂಡ ಸಿಕ್ಕಿದ್ದು ರಿಪ್ಪರ್ ಓಡಾಡಿದ ವೈಟ್‌ಚಾಪೆಲ್‌ನಲ್ಲೇ, ಪಿಂಚಿನ್ ಸ್ಟ್ರೀಟಿನ ರೈಲ್ವೆ ಕಮಾನಿನಡಿ. ಹೊಟ್ಟೆ ಸೀಳಿದ ಗಾಯಗಳು ಎರಡೂ ಕಡೆ ಇವೆ.

ಆದರೂ ನಾನು ಇಬ್ಬರೆಂದೇ ನಂಬುತ್ತೇನೆ. ರಿಪ್ಪರ್ ಕೊಂದ ಜಾಗಗಳಲ್ಲೊಂದಾದ ಮೈಟರ್ ಸ್ಕ್ವೇರ್ ನೋಡಿ. ಸೆಪ್ಟೆಂಬರ್ 30ರ ನಸುಕಿನ 1.30ಕ್ಕೆ ಗಸ್ತಿನ ಪೇದೆ ವಾಟ್ಕಿನ್ಸ್ ಅಲ್ಲಿ ಹಾದಾಗ ಏನೂ ಇರಲಿಲ್ಲ, 1.44ಕ್ಕೆ ಮರಳಿದಾಗ ಕ್ಯಾಥರಿನ್ ಎಡೋಸ್ ಹೆಣವಾಗಿದ್ದಳು. ಅಷ್ಟರೊಳಗೆ ಕೊಂದು, ಕೊಯ್ದು, ಹೆಣವನ್ನು ಬಿದ್ದಲ್ಲೇ ಬಿಟ್ಟು ಹೋದವನು ರಿಪ್ಪರ್. ಇನ್ನೊಬ್ಬನಿಗೆ ಬಾಗಿಲು ಹಾಕಿಕೊಳ್ಳುವ ಜಾಗ ಬೇಕು, ಗರಗಸ ಬೇಕು, ಗಂಟು ಕಟ್ಟಿ ಸಾಗಿಸುವ ದಾರಿ ಬೇಕು. ರಿಪ್ಪರ್‌ಗೆ ಕೋಣೆ ಸಿಕ್ಕಿರಲಿಲ್ಲ, ಅದಕ್ಕೇ ಹಾಗೆ ಮಾಡಿದ ಎನ್ನಬಹುದೇ? ಸಿಕ್ಕಿತ್ತು. ನವೆಂಬರ್ 9ರಂದು ಅವನ ಇನ್ನೊಬ್ಬ ಬಲಿ ಮೇರಿ ಕೆಲ್ಲಿಯ ಕೋಣೆಯಲ್ಲಿ ಅವನಿಗೆ ಬೇಕಾದಷ್ಟು ಸಮಯವಿತ್ತು. ಅಲ್ಲೂ ಘೋರವಾಗಿ ಕೊಯ್ದ, ಆದರೆ ತಲೆ, ಕೈಕಾಲು ಬೇರ್ಪಡಿಸಲಿಲ್ಲ. ಹಾಸಿಗೆಯ ಮೇಲೇ ಬಿಟ್ಟುಹೋದ.

ಕೊಲ್ಲುವ ರೀತಿ ಬೇರೆ ಎಂದಮಾತ್ರಕ್ಕೆ ಕೊಲೆಗಾರನೂ ಬೇರೆ ಎನ್ನಲಾಗದು, ನಿಜ. ಉದಾಹರಣೆಗೆ, ಕ್ಯಾಲಿಫೋರ್ನಿಯಾದ ಉತ್ತರದಲ್ಲಿ ನಡೆದ ಅತ್ಯಾಚಾರಗಳನ್ನೂ ದಕ್ಷಿಣದ ಕೊಲೆಗಳನ್ನೂ ಬಹುಕಾಲ ಬೇರೆಬೇರೆ ಪ್ರಕರಣಗಳೆಂದೇ ಎಣಿಸಿದ್ದರು. 2001ರಲ್ಲಿ ಡಿಎನ್‌ಎ ಎರಡನ್ನೂ ಬೆಸೆಯಿತು. 2018ರಲ್ಲಿ ಮಾಜಿ ಪೊಲೀಸನೊಬ್ಬ ಸಿಕ್ಕಿಬಿದ್ದ. ಆದರೆ ಲಂಡನ್ನಿನಲ್ಲಿ ನಮಗೆ ಉಳಿದಿರುವುದು ಮುಖ್ಯವಾಗಿ ವೈದ್ಯರ ಟಿಪ್ಪಣಿ, ಪೊಲೀಸ್ ವರದಿ, ಪತ್ರಿಕೆಗಳು. ಅಷ್ಟರ ಬಲದ ಮೇಲೆ ಎರಡನ್ನು ಒಂದು ಮಾಡುವುದು ದುಡುಕು.

ಹಾಗೆ ಒಂದು ಮಾಡಿದರೆ ನಷ್ಟವಾಗುವುದು ಸತ್ತವರಿಗೆ. ಆ ನಾಲ್ವರಲ್ಲಿ ಗುರುತು ಹತ್ತಿದ್ದು ಗರ್ಭಿಣಿ ಎಲಿಜಬೆತ್ ಜಾಕ್ಸನ್ ಒಬ್ಬಳದೇ. ಅದೂ ಮೈಮೇಲಿನ ಹಳೆಯ ಗಾಯದ ಕಲೆ, ತೊಟ್ಟ ಬಟ್ಟೆಗಳಿಂದ. ಉಳಿದ ಮೂವರಿಗೆ ಇಂದಿಗೂ ಹೆಸರಿಲ್ಲ. ರಿಪ್ಪರ್‌ನ ಲೆಕ್ಕಕ್ಕೆ ಅವರನ್ನು ಸೇರಿಸಿಬಿಟ್ಟರೆ, ಅವರು ಯಾರೆಂದು ಕೇಳುವವರೂ ಇರುವುದಿಲ್ಲ.