ಪೈಪ್ ಬಿಚ್ಚುವ ಮೊದಲು

ಕ್ಯಾಲಿಫೋರ್ನಿಯಾದ ಬೇ ಏರಿಯಾ ಕನ್ನಡಿಗರಲ್ಲಿ ತುಂಬ ಜನ ಮಾರ್ಟಿನೆಜ್ ಊರಿನ ಪಕ್ಕದ ಹೆದ್ದಾರಿಯಲ್ಲಿ ಓಡಾಡಿರ್ತೀರಿ. ಅಲ್ಲಿ ಟಾಸ್ಕೊ ಕಂಪನಿಯ ಏವನ್ ರಿಫೈನರಿ ಇತ್ತು. 1999ರ ಫೆಬ್ರವರಿ 23ರಂದು ಅಲ್ಲಿ ನಾಲ್ವರು ಕಾರ್ಮಿಕರು ಬೆಂಕಿಗೆ ಬಲಿಯಾದರು, ಐದನೆಯವರಿಗೆ ತೀವ್ರ ಗಾಯವಾಯಿತು.

ಆಗಿದ್ದು ಇಷ್ಟು. ಫೆಬ್ರವರಿ 10ಕ್ಕೆ, ನೆಲದಿಂದ 112 ಅಡಿ ಎತ್ತರದಲ್ಲಿ, ನಾಫ್ತಾ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು. ನಾಫ್ತಾ ಅಂದ್ರೆ ಪೆಟ್ರೋಲಿನಷ್ಟೇ ಬೇಗ ಹೊತ್ತಿಕೊಳ್ಳುವ ದ್ರವ. ವಾಲ್ವ್‌ಗಳನ್ನು ಮುಚ್ಚಿದರು, ಆದರೆ ಸವೆದ ವಾಲ್ವ್ ಒಂದು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಪೈಪ್ ಮತ್ತೆ ಮತ್ತೆ ತುಂಬಿಕೊಂಡಿತು. ಖಾಲಿ ಮಾಡೋಕೆ ಹೊರಟರೆ ದಾರಿಯೂ ಕಟ್ಟಿಕೊಂಡಿತ್ತು. 13 ದಿನ ಹೀಗೇ ನಡೀತು. ಆ ಪೈಪಿದ್ದ ಘಟಕ ಮಾತ್ರ ಓಡ್ತಾನೇ ಇತ್ತು.

ಕೊನೆಗೆ ಪೈಪನ್ನು ಗರಗಸದಿಂದ ಕುಯ್ದರು. ಎರಡನೇ ಕಡೆ ಕುಯ್ಯುವಾಗ ನಾಫ್ತಾ ಜಿನುಗಿತು. ಅಲ್ಲಿಗೇ ನಿಲ್ಲಿಸಿ ಎಲ್ಲರೂ ಕೆಳಗಿಳಿಯಬೇಕಿತ್ತು. ಬದಲಿಗೆ ಕೆಳಗಿನ ಜೋಡಣೆ ಸಡಿಲಿಸಿ, ದ್ರವ ಹೀರಿಕೊಳ್ಳುವ ವ್ಯಾಕ್ಯೂಮ್ ಟ್ರಕ್‌ಗೆ ಎಳೆಯೋಕೆ ಶುರು ಮಾಡಿದರು. ಮೇಲೆ ಕುಯ್ದಿದ್ದ ಬಾಯಿಂದ ನಾಫ್ತಾ ಚಿಮ್ಮಿತು. ಪಕ್ಕದ ಸಂಸ್ಕರಣಾ ಗೋಪುರ ನಾಫ್ತಾ ಹೊತ್ತಿಕೊಳ್ಳುವಷ್ಟು ಕಾದಿತ್ತು. ಕಿಡಿಯೂ ಬೇಕಾಗಲಿಲ್ಲ.

ತನಿಖೆ ಮಾಡಿದ ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್, ಘಟಕ ನಿಲ್ಲಿಸಿಯೇ ಈ ಕೆಲಸಕ್ಕೆ ಕೈ ಹಾಕಬೇಕಿತ್ತು ಅಂತ ಹೇಳಿತು. ನನ್ನ ಮಟ್ಟಿಗೆ ಇಲ್ಲಿ ತಂತ್ರಜ್ಞಾನದ ಕೊರತೆ ಇರಲಿಲ್ಲ. ಉತ್ಪಾದನೆ ನಿಲ್ಲಿಸುವ ಮನಸ್ಸಿರಲಿಲ್ಲ.

ಈಗ ಆ ವ್ಯಾಕ್ಯೂಮ್ ಟ್ರಕ್ಕಿನ ಮಾತು. ಎಣ್ಣೆಬಾವಿಗಳ ಹತ್ತಿರ ದ್ರವ ಸಾಗಿಸೋಕೂ ಇಂಥ ಟ್ರಕ್‌ಗಳನ್ನು ಬಳಸ್ತಾರೆ. ಪೆಟ್ರೋಲಿಯಂ ಆವಿ ಗಾಳಿಗಿಂತ ಭಾರ, ಮೇಲೆ ಹೋಗಲ್ಲ. ನೆಲಕ್ಕಂಟಿ ಹರಿದು ಟ್ರಕ್ಕಿನ ಕೆಳಗೆ ಸೇರುತ್ತೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಹಾಗಾಗಿ ಅಪಾಯವಿಲ್ಲ ಅನ್ನೋದು ದೊಡ್ಡ ತಪ್ಪು ಕಲ್ಪನೆ. ಗಾಳಿಯ ಜೊತೆ ಆವಿಯನ್ನೂ ಎಳೆದುಕೊಂಡರೆ ಅದೇ ಇಂಧನವಾಗಿ ಎಂಜಿನ್ ಹುಚ್ಚೆದ್ದು ಓಡುತ್ತೆ. ಕೀಲಿ ತಿರುಗಿಸಿದರೂ ನಿಲ್ಲಲ್ಲ. 2003ರ ಜನವರಿ 13ರಂದು ಟೆಕ್ಸಾಸ್‌ನ ರೋಶರಾನ್‌ನಲ್ಲಿ, ಎಣ್ಣೆ-ಅನಿಲ ಬಾವಿಗಳ ತ್ಯಾಜ್ಯ ಇಳಿಸ್ತಿದ್ದ ಎರಡು ಟ್ರಕ್‌ಗಳಲ್ಲಿ ಹೀಗೇ ಆಗಿ ಬೆಂಕಿ ಹತ್ತಿತು. ಮೂವರು ಹೋದರು.

ಅದಕ್ಕೇ ಟ್ರಕ್ ಗಾಳಿ ಬೀಸುವ ದಿಕ್ಕು ನೋಡಿ ದೂರ ನಿಲ್ಲಬೇಕು. ಗ್ಯಾಸ್ ಮೀಟರ್ ಹಿಡಿದು ಆವಿ ಅಳೆಯಬೇಕು, ಕೆಲಸ ನಡೆಯುವಾಗಲೂ ಅಳೀತಾ ಇರಬೇಕು. ಎಂಜಿನ್ ಬೇಡವಾದರೆ ಆರಿಸಿಬಿಡಿ. ಪಂಪಿಗೆ ಬೇಕೇ ಬೇಕು ಅಂದ್ರೆ ಎಂಜಿನ್ನಿನ ಗಾಳಿಯ ಬಾಯಿಯನ್ನೇ ಮುಚ್ಚಿ ನಿಲ್ಲಿಸುವ ವಾಲ್ವ್ ಇರಲಿ. ಇನ್ನು ಪೈಪಿನಲ್ಲಿ ದ್ರವ ಹರಿದಾಗ ಸ್ಥಾಯೀ ವಿದ್ಯುತ್ ಹುಟ್ಟುತ್ತೆ. ಮುಚ್ಚಳ ತೆಗೆಯೋಕೆ ಮೊದಲೇ ಟ್ರಕ್ಕಿಗೂ ತೊಟ್ಟಿಗೂ ತಂತಿ ಸೇರಿಸಿ ಅರ್ಥಿಂಗ್ ಕೊಡಬೇಕು. ಕೊಳವೆಯ ತುದಿ ದ್ರವದಲ್ಲಿ ಮುಳುಗುವ ತನಕ ಸೆಕೆಂಡಿಗೆ ಒಂದು ಮೀಟರ್ ಮೀರದಂತೆ ನಿಧಾನಕ್ಕೆ ಬಿಡಬೇಕು, ಮೇಲಿನಿಂದ ಧುಮುಕಿಸಬಾರದು.

ಮತ್ತೆ ರಿಫೈನರಿಯ ಮಾತಿಗೆ ಬಂದರೆ, 2012ರಲ್ಲಿ ಮಾರ್ಟಿನೆಜ್‌ಗೆ ಹತ್ತಿರದ ರಿಚ್ಮಂಡ್‌ನ ಶೆವ್ರಾನ್ ರಿಫೈನರಿಯಲ್ಲೂ, ಸೋರುವ ಪೈಪನ್ನು ಘಟಕ ನಿಲ್ಲಿಸದೇ ಸರಿಪಡಿಸಲು ಹೋಗಿ ಬೆಂಕಿ ಬಿತ್ತು. 2017ರಲ್ಲಿ ಕ್ಯಾಲಿಫೋರ್ನಿಯಾ ರಿಫೈನರಿ ನಿಯಮಗಳನ್ನು ಬಿಗಿ ಮಾಡಿ, ಅಪಾಯ ಕಂಡಾಗ ಕೆಲಸ ನಿಲ್ಲಿಸುವ ಅಧಿಕಾರವನ್ನು ಕಾರ್ಮಿಕರಿಗೂ ಕೊಟ್ಟಿತು.

ಮಂಗಳೂರಿನ ರಿಫೈನರಿಯಲ್ಲೋ ಟ್ಯಾಂಕರ್ ತುಂಬಿಸುವ ಡಿಪೋದಲ್ಲೋ ದುಡಿಯುವ ಅಣ್ಣತಮ್ಮಂದಿರು ಇದನ್ನು ಕೇಳ್ತಿದ್ದರೆ ಒಂದು ಮಾತು: ವಾಲ್ವ್ ಸೋರ್ತಿದೆ ಅಂತ ಗೊತ್ತಾದ ಮೇಲೆ ಪೈಪ್ ಬಿಚ್ಚಬೇಡಿ. ನಿಮ್ಮ ಮೇಲಿನವರೇ ಹೇಳಿದರೂ ಬಿಚ್ಚಬೇಡಿ.