ಕೈಹಿಡಿದು ಕರೆತಂದವರು
ಸಂತ ಬಾರ್ನಬರ ಹಬ್ಬದಂದು (ಜೂನ್ 11) ಶಿರಗುಪ್ಪಿಯ ಕುಟುಂಬಗಳಿಗೆ ನೀಡಿದ ಪ್ರಬೋಧನೆ



ಮಿರಗದ ಮಳೆ ಬಿದ್ದಿದೆ. ಎರೆಹೊಲಗಳಲ್ಲಿ ಹೆಸರು ಬಿತ್ತುವ ಗಡಿಬಿಡಿ. ಇಂತಹ ದಿನದಲ್ಲೂ ಕೂರಿಗೆ ಬದಿಗಿಟ್ಟು ನೀವು ಬಲಿಪೂಜೆಗೆ ಬಂದಿದ್ದೀರಿ. ಇಂದು ನಾವು ಸ್ಮರಿಸುವ ಸಂತ ಬಾರ್ನಬರೂ ಹೊಲ ಇದ್ದವರೇ. ಅದನ್ನು ಮಾರಿ ಬಂದ ಹಣವನ್ನು ಪ್ರೇಷಿತರ ಪಾದದ ಬಳಿ ಇಟ್ಟರು. ಹೊಲ ಮಾರಿದವರು ನಮ್ಮ ನಡುವೆಯೂ ಇದ್ದಾರೆ. ಆ ಹಣ ಎಲ್ಲಿಗೆ ಹೋಯಿತೆಂದು ಮನೆಯ ತಾಯಂದಿರನ್ನು ಕೇಳಬೇಕು. 2007ರ ಜುಲೈ 1ರಂದು ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಪಾಕೀಟು ಮಾತ್ರ ಬೇರೆಯಾಯಿತು.

ಅವರ ನಿಜವಾದ ಹೆಸರು ಜೋಸೆಫ್. ಧೈರ್ಯ ತುಂಬುವವನು ಎಂಬ ಅರ್ಥದಲ್ಲಿ ಪ್ರೇಷಿತರು ಅವರನ್ನು ಬಾರ್ನಬ ಎಂದು ಕರೆದರು. ಆ ಹೆಸರಿಗೆ ತಕ್ಕಂತೆ ಅವರು ಮಾಡಿದ್ದೇನು? ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯವನ್ನು ನೆನಪಿಸಿಕೊಳ್ಳಿ. ವಿಶ್ವಾಸಿಗಳನ್ನು ಹಿಡಿದು ಸೆರೆಗೆ ಹಾಕಿಸುತ್ತಿದ್ದ ಸೌಲನು ಮನಪರಿವರ್ತನೆಗೊಂಡು ಜೆರುಸಲೇಮಿಗೆ ಬರುತ್ತಾನೆ. ಯಾರೂ ಅವನನ್ನು ನಂಬುವುದಿಲ್ಲ. ಎಲ್ಲರಿಗೂ ಭಯ. ಆಗ ಬಾರ್ನಬರು ಅವನನ್ನು ಪ್ರೇಷಿತರ ಬಳಿಗೆ ಕರೆದೊಯ್ದು, ಇವನು ಬದಲಾಗಿದ್ದಾನೆ ಎಂದು ಅವನ ಪರವಾಗಿ ಮಾತನಾಡುತ್ತಾರೆ.

ಕುಡಿತದಿಂದ ಹೊರಬರುವವರ ಬಳಗದಲ್ಲಿ ಇಂತಹ ಕೆಲಸ ಮಾಡುವವರಿಗೆ ‘ಸ್ಪಾನ್ಸರ್’ ಎನ್ನುತ್ತಾರೆ. ಟಿ.ವಿ. ಕಾರ್ಯಕ್ರಮಕ್ಕೆ ಹಣ ಕೊಡುವ ಸ್ಪಾನ್ಸರ್ ಅಲ್ಲ. ತಾನೂ ಕುಡಿತದ ದಾಸನಾಗಿದ್ದು, ಬಿಟ್ಟು, ಕೆಲವು ಕಾಲ ನೆಟ್ಟಗೆ ಬದುಕಿದವನು ಹೊಸದಾಗಿ ಬಿಡಲು ಬಂದವನ ಜೊತೆ ನಡೆಯುತ್ತಾನೆ. ಅವನೇ ಸ್ಪಾನ್ಸರ್. ದೀಕ್ಷಾಸ್ನಾನದಲ್ಲಿ ಮಗುವಿನ ಪಕ್ಕದಲ್ಲಿ ಜ್ಞಾನತಂದೆ, ಜ್ಞಾನತಾಯಿ ನಿಲ್ಲುವುದಿಲ್ಲವೇ? ಹೊಸ ಜೀವನಕ್ಕೆ ಕಾಲಿಡುವವನು ಒಬ್ಬನೇ ಇರಬಾರದು ಎಂಬ ಅರಿವು ಎರಡರಲ್ಲೂ ಒಂದೇ.

ಇದು ನನಗೆ ತಡವಾಗಿ ಅರ್ಥವಾಯಿತು. ನಾನು ಗುರುದೀಕ್ಷೆ ಪಡೆದ ಹೊಸದರಲ್ಲಿ, ಬೇರೊಂದು ಊರಿನಲ್ಲಿದ್ದಾಗ, ಒಬ್ಬ ತಾಯಿ ಗಂಡನನ್ನು ಕರೆದುಕೊಂಡು ಬಂದರು. “ಫಾದರ್, ಇವರಿಗೊಂದ ಆಣಿ ಮಾಡಸ್ರಿ, ಸಾಕಾಗೇತಿ” ಎಂದರು. ನಾನು ಶಿಲುಬೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದೆ. ಮೂರು ವಾರ ಕಳೆಯಿತು. ಒಂದು ಭಾನುವಾರ ಆತ ಕುಡಿದು ಪೂಜೆಗೆ ಬಂದಾಗ, ನಾಲ್ಕು ಜನರ ಮುಂದೆ ಗದರಿಸಿಬಿಟ್ಟೆ. ಅಂದಿನಿಂದ ಆತ ನನ್ನನ್ನು ಕಂಡರೆ ಓಣಿ ತಿರುಗಿ ಹೋಗುತ್ತಿದ್ದ. ನಾನು ಮಾಡಿಸಿದ ಆಣೆ ಕುಡಿತವನ್ನು ಬಿಡಿಸಲಿಲ್ಲ, ದೇವಾಲಯವನ್ನು ಬಿಡಿಸಿತು.

ಕೆಲವು ತಿಂಗಳ ಮೇಲೆ ಅವನ ಮನೆಗೆ ಹೋದವನು ನಾನಲ್ಲ, ಒಬ್ಬ ಆಟೋ ಚಾಲಕ. ತಾನೂ ಹಿಂದೆ ಗಟಾರದಲ್ಲಿ ಬಿದ್ದಿದ್ದವನು. ಉಪದೇಶ ಮಾಡಲಿಲ್ಲವಂತೆ. “ಏಳಪಾ, ಚಾ ಕುಡದ ಬರೂಣು. ನಾನೂ ಎರಡ ಸರ್ತಿ ಬಿದ್ದ ಎದ್ದೇನಿ” ಎಂದನಂತೆ. ಅಷ್ಟೇ ಮಾತು. ಅವನು ಸಭೆಗೆ ಬಂದ, ನಡುವೆ ಮತ್ತೊಮ್ಮೆ ಕುಡಿದ, ಮತ್ತೆ ಬಂದ. ಇಂದು ಆತ ಕುಡಿಯುವುದಿಲ್ಲ. ಅವನ ಅನುಮತಿ ಪಡೆದೇ ಈ ಮಾತು ಹೇಳುತ್ತಿದ್ದೇನೆ.

ಇಂತಹ ಜೊತೆ ಆರಂಭವಾದ ಬಗೆ ಕೇಳಿ. 1935ರ ಮೇ ತಿಂಗಳಲ್ಲಿ ಅಮೆರಿಕದ ಏಕ್ರನ್ ನಗರದಲ್ಲಿ, ವ್ಯವಹಾರ ಕೆಟ್ಟು ಕಂಗೆಟ್ಟಿದ್ದ ಬಿಲ್ ವಿಲ್ಸನ್ ಎಂಬಾತ ಹೋಟೆಲಿನಲ್ಲಿ ನಿಂತಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಪಕ್ಕದಲ್ಲೇ ಬಾರ್. ತಾನು ಉಳಿಯಬೇಕಾದರೆ ಇನ್ನೊಬ್ಬ ಕುಡುಕನೊಡನೆ ಮಾತನಾಡಬೇಕೆಂದು ಅವನಿಗೆ ಅನ್ನಿಸಿತು. ಚರ್ಚುಗಳಿಗೆ ಫೋನ್ ಮಾಡಿ ವಿಚಾರಿಸಿ, ಕೊನೆಗೆ ಬಾಬ್ ಸ್ಮಿತ್ ಎಂಬ ವೈದ್ಯರನ್ನು ಕಂಡ. ಕಾಲು ಗಂಟೆ ಎಂದುಕೊಂಡಿದ್ದ ಮಾತು ಗಂಟೆಗಟ್ಟಲೆ ನಡೆಯಿತು. ಆ ವೈದ್ಯರೂ ನಡುವೆ ಒಮ್ಮೆ ಜಾರಿದರು. ಅವರು ಕೊನೆಯ ಬಾರಿ ಕುಡಿದ ಜೂನ್ 10ನ್ನು ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗ ತನ್ನ ಹುಟ್ಟಿದ ದಿನವೆಂದು ಆಚರಿಸುತ್ತದೆ. ಅಂದರೆ ಬಾರ್ನಬರ ಹಬ್ಬದ ಮುನ್ನಾದಿನ. 1957ರಲ್ಲಿ ಆ ಬಳಗ ಭಾರತಕ್ಕೂ ಬಂತು.

ಪ್ರಿಯರೇ, ಬಾರ್ನಬರ ಜೀವನದಿಂದ ನಾವು ಮೂರು ಪಾಠಗಳನ್ನು ಕಲಿಯೋಣ.

ಮೊದಲನೆಯದಾಗಿ, ಬಾರ್ನಬರು ತಾವೇ ಹುಡುಕಿಕೊಂಡು ಹೋದರು. ಸೌಲನು ತಾರ್ಸಕ್ಕೆ ಮರಳಿದ ಮೇಲೆ ಅಲ್ಲಿಗೇ ಹೋಗಿ, ಹುಡುಕಿ, ಅಂತಿಯೋಕ್ಯಕ್ಕೆ ಕರೆತಂದು ಒಂದು ವರ್ಷ ಜೊತೆಯಲ್ಲಿದ್ದರು. ಸ್ಪಾನ್ಸರನೂ ಹಾಗೆಯೇ. ಕುಡಿಯಬೇಕೆಂಬ ಆಸೆ ಕೆರಳಿದ ಹೊತ್ತಿನಲ್ಲಿ ಫೋನ್ ಎತ್ತುತ್ತಾನೆ, ಸಭೆಗೆ ಜೊತೆಯಲ್ಲಿ ಹೋಗುತ್ತಾನೆ, ಆ ಬಳಗದ ಹನ್ನೆರಡು ಹೆಜ್ಜೆಗಳನ್ನು ತಾನು ನಡೆದಂತೆ ಅವನನ್ನೂ ನಡೆಸುತ್ತಾನೆ. ಇದಕ್ಕೆ ಸಂಬಳವಿಲ್ಲ. ಕೇಳಿದ ಗುಟ್ಟನ್ನು ಹೊರಗೆ ಬಿಡುವುದಿಲ್ಲ. ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು ಜೊತೆಯಾಗುವುದು ಅಲ್ಲಿನ ರೂಢಿ.

ಎರಡನೆಯದಾಗಿ, ಬಾರ್ನಬರು ಜಾರಿದವನನ್ನು ಕೈಬಿಡಲಿಲ್ಲ. ಯುವಕ ಮಾರ್ಕನು ಪ್ರಯಾಣದ ನಡುವೆ ಪಂಫುಲ್ಯದಲ್ಲಿ ಬಿಟ್ಟು ಮನೆಗೆ ಹೋದ. ಮುಂದಿನ ಪ್ರಯಾಣಕ್ಕೆ ಅವನು ಬೇಡವೆಂದು ಪೌಲರು ಹಟ ಹಿಡಿದರು. ತನಗಾಗಿ ಒಮ್ಮೆ ಬಾರ್ನಬರು ನಿಂತದ್ದನ್ನು ಪೌಲರೇ ಮರೆತರೋ ಏನೋ! ಬಾರ್ನಬರು ಮಾರ್ಕನನ್ನು ಕರೆದುಕೊಂಡು ಸೈಪ್ರಸಿಗೆ ಹೊರಟರು. ವರ್ಷಗಳ ನಂತರ ಅದೇ ಪೌಲರು, ಮಾರ್ಕನು ನನಗೆ ಉಪಯುಕ್ತ, ಅವನನ್ನು ಕರೆದುಕೊಂಡು ಬಾ ಎಂದು ತಿಮೊಥೇಯನಿಗೆ ಬರೆದರು. ಶುಭಸಂದೇಶ ಬರೆದ ಸಂತ ಮಾರ್ಕರು ಇವರೇ ಎನ್ನುತ್ತದೆ ಧರ್ಮಸಭೆಯ ಪರಂಪರೆ. ಅಂದು ಬಾರ್ನಬರೂ ಬೇಡವೆಂದಿದ್ದರೆ?

ಏಕ್ರನ್ನಿನ ಸಂತ ತೋಮಾಸರ ಆಸ್ಪತ್ರೆಯಲ್ಲಿ 1939ರಿಂದ ಕುಡಿತದ ರೋಗಿಗಳನ್ನು ನೋಡಿಕೊಂಡವರು ಸಿಸ್ಟರ್ ಇಗ್ನೇಷಿಯಾ. ಅಲ್ಲಿಗೆ ಬರುವ ರೋಗಿಯ ಜೊತೆ ಒಬ್ಬ ಸ್ಪಾನ್ಸರ್ ಇರಬೇಕಿತ್ತು. ಮನೆಗೆ ಹೊರಡುವವನ ಕೈಗೆ ಅವರು ಯೇಸುವಿನ ಪವಿತ್ರ ಹೃದಯದ ಸಣ್ಣ ಬ್ಯಾಡ್ಜ್ ಕೊಡುತ್ತಿದ್ದರು. ಮತ್ತೆ ಕುಡಿಯುವ ಮೊದಲು ಅದನ್ನು ತಮಗೆ ಹಿಂದಿರುಗಿಸಬೇಕು ಎಂಬುದೊಂದೇ ಷರತ್ತು. ನಾನು ಆಣೆ ಮಾಡಿಸಿ ಬಾಗಿಲು ಮುಚ್ಚಿದ್ದೆ. ಅವರು ಮರಳಿ ಬರುವ ದಾರಿಯನ್ನು ತೆರೆದೇ ಇಟ್ಟಿದ್ದರು.

ಮೂರನೆಯದಾಗಿ, ಬಾರ್ನಬರು ಹಿಂದೆ ಸರಿಯಲು ಕಲಿತರು. ಮೊದಲು ‘ಬಾರ್ನಬ ಮತ್ತು ಸೌಲ’ ಎಂದಿದ್ದುದು ಕ್ರಮೇಣ ‘ಪೌಲ ಮತ್ತು ಬಾರ್ನಬ’ ಎಂದಾಗುತ್ತದೆ. ಅವರು ಬೇಸರ ಪಟ್ಟಂತೆ ಎಲ್ಲಿಯೂ ಇಲ್ಲ. ಸ್ಪಾನ್ಸರನು ದೇವರಲ್ಲ, ವೈದ್ಯನಲ್ಲ, ಸಾಲ ಕೊಡುವವನೂ ಅಲ್ಲ. ಅವನೂ ಇನ್ನೊಬ್ಬ ಸ್ಪಾನ್ಸರನ ಆಸರೆಯಲ್ಲಿ ಇರುವವನು. ಇಂದು ಕೈ ಹಿಡಿಸಿಕೊಂಡವನು ನಾಳೆ ಇನ್ನೊಬ್ಬನ ಕೈ ಹಿಡಿಯಬೇಕು, ಅದೇ ಅವನ ಗುರಿ.

ನಮ್ಮ ನಾಡಿನಲ್ಲೂ ಇದೇ ಅರಿವು ಕೆಲಸ ಮಾಡುತ್ತಿದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಮೂಲಕ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ. ಶಿಬಿರ ಮುಗಿದ ಮೇಲೆ, ಕುಡಿತ ಬಿಟ್ಟವರು ನವಜೀವನ ಸಮಿತಿಯಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಶಿಬಿರದಲ್ಲಿ ಬಿಡುವುದಕ್ಕಿಂತ, ಊರಿಗೆ ಮರಳಿದ ಮೇಲೆ ಹಳೆಯ ಗೆಳೆಯರ ನಡುವೆ ಉಳಿಯುವುದು ಕಷ್ಟ. ಅಲ್ಲಿಯೇ ಜೊತೆ ಬೇಕಾಗುವುದು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಮನೆಯಲ್ಲಿ ಕೂಡಿಹಾಕಬೇಡಿ, ಯಾರೋ ಕೊಟ್ಟ ಪುಡಿಯನ್ನು ಊಟದಲ್ಲಿ ಬೆರೆಸಬೇಡಿ. ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ಧಾರವಾಡದಲ್ಲೇ ಡಿಮ್ಹಾನ್ಸ್ ಸಂಸ್ಥೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಔಷಧಿ, ಪ್ರಾರ್ಥನೆ, ಸ್ಪಾನ್ಸರ್ ಇವು ಒಂದಕ್ಕೊಂದು ವೈರಿಗಳಲ್ಲ.

ತಾಯಂದಿರೇ, ಅಕ್ಕತಂಗಿಯರೇ, ಗಂಡನ ಸ್ಪಾನ್ಸರ್ ಆಗುವ ಹೊರೆಯನ್ನು ನೀವು ಹೊರಬೇಕಿಲ್ಲ. ನೀವು ಈಗಾಗಲೇ ಬಹಳ ಹೊತ್ತಿದ್ದೀರಿ. ಅವರ ಕುಡಿತ ನಿಮ್ಮ ತಪ್ಪಲ್ಲ. ಹೊಡೆತವನ್ನು ಶಿಲುಬೆಯೆಂದು ಸಹಿಸಿಕೊಳ್ಳಿ ಎಂದು ನಾನು ಎಂದಿಗೂ ಹೇಳುವುದಿಲ್ಲ. ನಿಮ್ಮ ಮತ್ತು ಮಕ್ಕಳ ರಕ್ಷಣೆ ಮೊದಲು.

ನಮಗೆಲ್ಲರಿಗೂ ಒಂದು ಪ್ರಶ್ನೆ. ಮುಂದಿನ ಭಾನುವಾರ ಅಂತಹ ಒಬ್ಬ ಸಹೋದರ ಬಂದು ಕೊನೆಯ ಸಾಲಿನಲ್ಲಿ ನಿಂತರೆ, ನಾವು ಜೆರುಸಲೇಮಿನ ಶಿಷ್ಯರಂತೆ ಸರಿದು ಕೂರುತ್ತೇವೆಯೇ, ಬಾರ್ನಬರಂತೆ ಪಕ್ಕದಲ್ಲಿ ಜಾಗ ಕೊಡುತ್ತೇವೆಯೇ? ಕುಡಿತ ಬಿಟ್ಟ ಅಣ್ಣತಮ್ಮಂದಿರು ನಮ್ಮಲ್ಲಿ ಇದ್ದಾರೆ. ನಿಮ್ಮ ಹಳೆಯ ನೋವು ಇನ್ನೊಂದು ಮನೆಗೆ ಔಷಧಿಯಾಗಬಲ್ಲದು. ಹೆಸರು ಹೇಳಬೇಕಿಲ್ಲ, ಪೂಜೆಯ ನಂತರ ನನ್ನೊಡನೆ ಒಂದು ಮಾತಾಡಿ.

ಪ್ರಾರ್ಥಿಸೋಣ: ದಯಾಮಯ ಪ್ರಭುವೇ, ಬಿದ್ದವರನ್ನು ಹುಡುಕಿ ಹೋಗುವ ಕಾಲುಗಳನ್ನೂ ಜಾರಿದವರನ್ನು ಬಿಡದ ಕೈಗಳನ್ನೂ ನಮಗೆ ಕೊಡಿ. ಸಂತ ಬಾರ್ನಬರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.