ಮುಖ ತಿರುಗಿಸಿ ಚಾಚಿದ ಕೈ



ಹೋದ ವರ್ಷ ಪರಿಚಯದವರ ಮನೆಯ ಗೃಹಪ್ರವೇಶ. ಎಂಟು ವರ್ಷದ ಹುಡುಗನೊಬ್ಬ ನೇರ ನನ್ನ ಹತ್ತಿರ ಬಂದು ಬಲಗೈ ಚಾಚಿದ. ಮುಖ ಮಾತ್ರ ಬಾಗಿಲ ತೋರಣದ ಕಡೆಗಿತ್ತು. ಹಿಡಿದ ಕೈ ಬೆವೆತು ತಣ್ಣಗಿತ್ತು. "ಯಾಕೋ ಪುಟ್ಟ, ಮುಖ ನೋಡಿ ಮಾತಾಡಬಾರದಾ?" ಅಂದುಬಿಟ್ಟೆ. ಹುಡುಗ ಎರಡೂ ಕೈಗಳನ್ನು ಪಟಪಟ ಆಡಿಸುತ್ತಾ ಒಳಗೆ ಓಡಿದ. "ಮುದ್ದು ಹೆಚ್ಚಾಯ್ತು" ಅಂದರು ಪಕ್ಕದಲ್ಲಿದ್ದ ಹಿರಿಯರೊಬ್ಬರು. ಅವನ ತಾಯಿ ಅಲ್ಲೇ ಇದ್ದರು. ಏನೂ ಅನ್ನಲಿಲ್ಲ.

ಊಟವಾದ ಮೇಲೆ ಆಕೆಯೇ ಹೇಳಿದರು, ಮಗನಿಗೆ ಫ್ರಾಜೈಲ್ ಎಕ್ಸ್ ಅಂತ. ಎಕ್ಸ್ ವರ್ಣತಂತುವಿನಲ್ಲಿ ಒಂದು ಜೀನು ಇದೆ, 1991ರಲ್ಲಿ ಪತ್ತೆಯಾದದ್ದು. ಅದರಲ್ಲಿ ಮೂರಕ್ಷರದ ತುಣುಕೊಂದು ಸಾಮಾನ್ಯವಾಗಿ ಮೂವತ್ತರ ಆಸುಪಾಸು ಸಲ ಬರುತ್ತದೆ. 200 ದಾಟಿದರೆ ಜೀನೇ ಮೌನವಾಗುತ್ತದೆ, ಮಿದುಳಿಗೆ ಬೇಕಾದ ಪ್ರೋಟೀನು ತಯಾರಾಗುವುದಿಲ್ಲ. ಆಗ ಸದ್ದು, ಬೆಳಕು, ಗುಂಪು ಎಲ್ಲವೂ ಮೈಮೇಲೆ ಬಿದ್ದಂತೆ. ಎಲ್ಲಕ್ಕಿಂತ ಕಷ್ಟ, ಎದುರಿಗಿರುವವರ ಕಣ್ಣು. ಈ ಮಕ್ಕಳಿಗೆ ಜನ ಬೇಡವೆಂದಲ್ಲ. ಬೇಕು, ಆದರೆ ತಾಳಲಾಗುವುದಿಲ್ಲ. ಕೈ ಮುಂದೆ ಬರುತ್ತದೆ, ಮುಖ ಹಿಂದೆ ಸರಿಯುತ್ತದೆ. ಆ ಹುಡುಗ ನನಗೆ ಕೊಟ್ಟದ್ದು ಅವನಿಂದಾದ ಪೂರ್ತಿ ಮರ್ಯಾದೆ. ನಾನು ಅದನ್ನೇ ತಪ್ಪೆಂದು ಎತ್ತಿ ಆಡಿದ್ದೆ.

ಇದಕ್ಕೆ ತೀರ ವಿರುದ್ಧ ವಿಲಿಯಮ್ಸ್ ಸಿಂಡ್ರೋಮ್ ಇರುವ ಮಕ್ಕಳು. ಏಳನೇ ವರ್ಣತಂತುವಿನ ಒಂದು ಚೂರು ಇರುವುದಿಲ್ಲ. ಗುರುತಿಲ್ಲದವರ ಹತ್ತಿರವೂ ಓಡಿ ಹೋಗಿ ತಬ್ಬಿಕೊಳ್ಳುತ್ತಾರೆ. "ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ" ಎಂದು ನಾವು ಹೊಗಳುತ್ತೇವೆ. ಆ ಮಗುವಿಗೆ ಎಷ್ಟೋ ಸಲ ಓರಗೆಯ ಒಬ್ಬ ಗೆಳೆಯನೂ ನಿಲ್ಲುವುದಿಲ್ಲ ಎಂಬುದು ಮನೆಯವರಿಗಷ್ಟೇ ಗೊತ್ತು. ಈ ತಾಯಿಗೆ ಬೈಗುಳ, ಆ ತಾಯಿಗೆ ಹೊಗಳಿಕೆ. ಎರಡೂ ಅವರಿಗೆ ಸಲ್ಲಬೇಕಾದವಲ್ಲ. ಫ್ರಾಜೈಲ್ ಎಕ್ಸ್ ಇರುವ ಗಂಡುಮಗುವಿಗೆ ಆ ಜೀನು ಬರುವುದು ತಾಯಿಯಿಂದ ಎಂದು ತಿಳಿದಾಗಿನಿಂದ ಆಕೆ ತನ್ನನ್ನೇ ಎಷ್ಟು ಶಪಿಸಿಕೊಂಡಿರಬೇಕು! ತಾನು ಆರಿಸಿ ಕೊಟ್ಟದ್ದೇ ಅದು? ಅದರ ಮೇಲೆ ಬಂಧುಗಳ ಮಾತು ಬೇರೆ.

ಹೊರಡುವ ಮುಂಚೆ ಹುಡುಗ ಜಗಲಿಯಲ್ಲಿ ಒಬ್ಬನೇ ಕೂತಿದ್ದ. "ಎದುರಿಗೆ ಬೇಡ, ಪಕ್ಕದಲ್ಲಿ ಕೂತ್ಕೊಳ್ಳಿ" ಅಂದರು ಅವನಮ್ಮ. ಕೂತೆ. ಇಬ್ಬರೂ ರಸ್ತೆ ನೋಡುತ್ತಿದ್ದೆವು.

"ಬಸ್ಸು ಬಂತು, ಬಸ್ಸು ಬಂತು" ಅಂದ.

"ಕೆಂಪು ಬಸ್ಸು" ಅಂದೆ, ರಸ್ತೆಯ ಮೇಲಿನ ಕಣ್ಣು ತೆಗೆಯದೆ.

ಸ್ವಲ್ಪ ಹೊತ್ತಾದ ಮೇಲೆ ಅವನ ಮೊಣಕೈ ನನ್ನ ತೋಳಿಗೆ ತಾಗಿತು. ತೆಗೆಯಲಿಲ್ಲ.